ಕೊಳಗ ಬದಲಾಗಿಲ್ಲ



1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸಿಡಿದೆದ್ದದ್ದು ಕೊಳಗದ ಅಳತೆಗಾಗಿ. ಗೇಣಿ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು. ಗಣಪತಿಯಪ್ಪನವರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಗದ್ದೆಯ ಒಡೆಯರಾದರು. ಗೇಣಿಯನ್ನೂ ಕಾಣದೆ ಬರೀ ಕೂಲಿಗೆ ಬಗ್ಗಿದ ನಮ್ಮ ಅಪ್ಪಂದಿರಿಗೆ ಏನು ಬಂತು? ಕೂಲಿಯೇ ಬಂತು.

ಕೊಳಗ ಎಲ್ಲಿಗೂ ಹೋಗಿಲ್ಲ. ಒಡೆಯರ ಅಟ್ಟದಿಂದ ಇಳಿದು ಸರ್ಕಾರದ ಮೇಜು ಹತ್ತಿದೆ.

ಅದು ಅಳೆದುಕೊಂಡದ್ದನ್ನು ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರದ ಊರು, ಗದ್ದೆ, ಸುಡುಗಾಡು ನೀರಿನಡಿ ಹೋದವು. ಶರಾವತಿಯ 1035 ಮೆಗಾವಾಟು ನಾಡನ್ನೆಲ್ಲ ಬೆಳಗಿತು. ಮುಳುಗಿದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುತ್ತಿದ್ದಾರೆ.

ಇನ್ನು ಕೊಡುವ ಕೊಳಗ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಯುವನಿಧಿಗೆ ಚಾಲನೆ ಕೊಟ್ಟರು. ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಅದೂ ಹೆಚ್ಚೆಂದರೆ ಎರಡು ವರ್ಷ. ಲೆಕ್ಕ ಹಾಕಿ: ಪದವೀಧರನಿಗೆ ದಿನಕ್ಕೆ ನೂರು ರೂಪಾಯಿ. ತೀರ್ಥಹಳ್ಳಿಯ ತೋಟದಲ್ಲಿ ಒಂದು ದಿನ ಬೆವರು ಸುರಿಸಿದರೆ ಇದಕ್ಕಿಂತ ಹೆಚ್ಚು ಸಿಗುತ್ತೆ. ಬೇಡ ಅನ್ನೋದಿಲ್ಲ ನಾವು. ಹಸಿದವರು ಬೇಡ ಅನ್ನೋದು ಹೇಗೆ? ಆದರೆ ಇದನ್ನೇ ಯುವಜನರ ಮೇಲೆ ಹೂಡಿದ ಬಂಡವಾಳ ಅಂತ ಭಾಷಣ ಬಿಗಿದರೆ ಸುಮ್ಮನಿರೋದೂ ಇಲ್ಲ. ಇದು ಬಂಡವಾಳವಲ್ಲ, ಬೆಂಗಳೂರಿನ ಬಸ್ ಚಾರ್ಜು.

ಮೂರೂ ತಾಲ್ಲೂಕಿನಲ್ಲಿ ಕಾಲೇಜುಗಳಿವೆ. ನಮ್ಮ ಕೇರಿಗಳಲ್ಲಿ ಮೊದಲ ಸಲ ಡಿಗ್ರಿ ಕಂಡವರು ನಾವು. ಸರ್ಟಿಫಿಕೇಟು ಹಿಡಿದು ಬಂದರೆ ಅದೇ ತೋಟ, ಅದೇ ಕೊನೆ, ಅದೇ ಔಷಧಿ ಹೊಡೆಯುವ ಪಂಪು. ಅಡಿಕೆ ಬೆಳೆದವರಿಗೆ ಮಾಮ್‌ಕೋಸ್ ಇದೆ, ಸುಲಿದವರಿಗೆ ಏನಿದೆ? 2025ರಲ್ಲಿ ಸಿಗಂದೂರಿನ ದಾರಿಯಲ್ಲಿ ಹಿನ್ನೀರಿಗೆ ಸೇತುವೆ ಬಂತು. ಬರಲಿ, ಬೇಕಿತ್ತು. ಆದರೆ ಊರಲ್ಲಿ ಕೆಲಸವಿಲ್ಲದಿದ್ದರೆ ಆ ಸೇತುವೆ ಮೇಲೆ ನಮ್ಮ ಹುಡುಗರು ಹೋಗುವುದು ಒಂದೇ ದಿಕ್ಕಿಗೆ.

ನಾವು ಕೇಳುವುದು ಭಿಕ್ಷೆಯಲ್ಲ, ಸರಿಯಾದ ಅಳತೆ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ತೆಗೆದಿಡಬೇಕು ಅಂತ 2013ರ ಕಾಯ್ದೆಯೇ ಹೇಳುತ್ತೆ. ಆ ಹಣ ಬೇರೆ ಲೆಕ್ಕಕ್ಕೆ ಜಾರುವುದು ನಿಲ್ಲಲಿ. ಇಲ್ಲಿನ ಹಾಸ್ಟೆಲಿಗೆ, ತರಬೇತಿಗೆ, ನೆಲವಿಲ್ಲದ ಹುಡುಗ ಹುಡುಗಿಯರ ಹೆಸರಿನ ಪಹಣಿಗೆ ಬರಲಿ. ಅಡಿಕೆ ಸುಲಿಯುವವರದೇ ಸಹಕಾರ ಸಂಘ ಏಳಲಿ. ಮುಳುಗಿದವರ ಮಕ್ಕಳಿಗೆ, ಅವರ ನೆಲ ನುಂಗಿ ಹುಟ್ಟಿದ ವಿದ್ಯುತ್ತಿನಲ್ಲೇ ಕೆಲಸ ಸಿಗಲಿ.

ಕೊಳಗ ಹಿಡಿದು ಕೂತವರೇ, ನಾವೀಗ ಲೆಕ್ಕ ಕಲಿತಿದ್ದೇವೆ. ಕಾಗೋಡು ಇಲ್ಲಿಂದ ದೂರವೇನಿಲ್ಲ.