ಖುಕುರಿ ಕೊಳ್ಳಹೊರಟವನಿಗೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬರುವ ಕಾರ್ತಿಕ ಮಾಸದಲ್ಲಿ ನೇಪಾಳಕ್ಕೆ ಹೊರಟಿದ್ದಾನೆ. ಬೆಂಗಳೂರಿನ ಗಣಕಯಂತ್ರ ಸಂಸ್ಥೆಯೊಂದರಲ್ಲಿ ಉದ್ಯೋಗಿಯಾಗಿರುವ ಅವನಿಗೆ ತೀರ್ಥಹಳ್ಳಿಯ ಬಳಿ ತಂದೆಯ ಕಾಲದ ಸಣ್ಣ ಅಡಕೆ ತೋಟವಿದೆ. ರಜೆ ಸಿಕ್ಕಾಗ ಮಕ್ಕಳೊಡನೆ ತೋಟದ ಅಂಚಿನಲ್ಲಿ ಡೇರೆ ಹಾಕಿ ಇರುಳು ಕಳೆಯುವುದು ಅವನ ಹವ್ಯಾಸ. ಹೋದ ವಾರ ದೂರವಾಣಿಯಲ್ಲಿ, "ಮೇಷ್ಟ್ರೇ, ಅಲ್ಲಿಂದ ಒಂದು ಖುಕುರಿ ತರಬೇಕೆಂದಿದ್ದೇನೆ. ಯಾವುದನ್ನು ಆರಿಸಲಿ?" ಎಂದು ಕೇಳಿ ಮೂರು ಚಿತ್ರಗಳನ್ನು ಕಳುಹಿಸಿದ. ವ್ಯಾಕರಣ ಕಲಿಸಿದ ಮೇಷ್ಟರಿಗೆ ಕತ್ತಿಯ ವಿಷಯವೇನು ತಿಳಿದೀತು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಆದರೆ ಈ ಒಂದು ವಿಷಯದಲ್ಲಿ ನಾನು ಶುಲ್ಕ ತೆತ್ತು ಪಾಠ ಕಲಿತವನು.

1998ರಲ್ಲಿ ನಾವು ನಾಲ್ವರು ಅಧ್ಯಾಪಕರು ಪಶುಪತಿನಾಥನ ದರ್ಶನಕ್ಕೆಂದು ಕಠ್ಮಂಡುವಿಗೆ ಹೋಗಿದ್ದೆವು. ಹಿಂದಿರುಗುವ ಮುನ್ನಾದಿನ ಅಂಗಡಿಯೊಂದರಲ್ಲಿ ಕಂಡ ಖುಕುರಿ ನನ್ನ ಮನಸ್ಸನ್ನು ಸೆರೆಹಿಡಿಯಿತು. ಎಮ್ಮೆಯ ಕೊಂಬಿನ ಕರಿಯ ಹಿಡಿ, ಹಿಡಿಯ ತುದಿಯಲ್ಲಿ ಹಿತ್ತಾಳೆಯ ಸಿಂಹದ ತಲೆ, ಅಲಗಿನ ಮೇಲೆ ಉದ್ದಕ್ಕೂ ಮೂರು ಗೀರುತೋಡು, ಒರೆಯ ತುಂಬ ಕುಸುರಿ. ಚೌಕಾಸಿ ಮಾಡಿ ಗೆದ್ದೆನೆಂದೇ ಭಾವಿಸಿದ್ದೆ. ಊರಿಗೆ ಬಂದು ಎರಡು ತಿಂಗಳಾಗಿರಬಹುದು, ಬೇಲಿಯ ಮೇಲೆ ಬಾಗಿದ್ದ ಬಿದಿರನ್ನು ಕಡಿಯಲೆಂದು ಅದನ್ನು ಹಿರಿದೆ. ಎರಡನೆಯ ಪೆಟ್ಟಿಗೇ ಹಿಡಿ ನನ್ನ ಕೈಯಲ್ಲಿ ಉಳಿಯಿತು, ಅಲಗು ಹಾರಿತು. ಪಕ್ಕದಲ್ಲಿ ಸೊಪ್ಪು ಎಳೆಯುತ್ತಿದ್ದ ನನ್ನ ಸೋದರಳಿಯನ ಮೊಣಕಾಲಿನ ಬಳಿಯೇ ಹಾದು ಕಲ್ಲುಕಟ್ಟೆಗೆ ಬಡಿಯಿತು. ಅವನಿಗಾಗ ಹನ್ನೊಂದು ವರ್ಷ. ಆ ಲೋಹದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ತಂಗಿಗೆ ಈ ಸಂಗತಿಯನ್ನು ಬಹುಕಾಲ ನಾನು ಹೇಳಿರಲಿಲ್ಲ. ಈಗ ಇದನ್ನು ಓದಿ ಅವಳು ಬೈದರೆ ಅದಕ್ಕೆ ನಾನು ಅರ್ಹನೇ.

ಆಗ ನಮ್ಮ ಬಡಾವಣೆಯಲ್ಲಿ ರಾತ್ರಿ ಕಾವಲಿಗೆ ನೇಪಾಳದ ಒಬ್ಬರಿದ್ದರು. ನಾವೆಲ್ಲ ಅವರನ್ನು 'ಗೂರ್ಖಾ' ಎಂದೇ ಕರೆಯುತ್ತಿದ್ದೆವು. ಗೋರ್ಖಾ ಎಂಬುದು ಒಂದು ಊರಿನ ಹೆಸರು, ಸೈನ್ಯದಲ್ಲಿ ಪ್ರಸಿದ್ಧವಾದ ಹೆಸರು, ಕಾವಲುಗಾರನ ಹುದ್ದೆಯ ಹೆಸರಲ್ಲ ಎಂಬ ಅರಿವು ಮಕ್ಕಳಿಗೆ ಪದಗಳ ಅರ್ಥ ಕಲಿಸುತ್ತಿದ್ದ ನನಗೂ ಅಂದು ಇರಲಿಲ್ಲ. ಅವರ ಊರು ಪೂರ್ವ ನೇಪಾಳದ ಭೋಜಪುರ, ಖುಕುರಿಗೆ ಹೆಸರಾದ ಸ್ಥಳ. ಮುರಿದ ಖುಕುರಿಯನ್ನು ತೋರಿಸಿದಾಗ ಅವರು ಸಿಂಹದ ತಲೆಯನ್ನು ತಿರುಗಿಸಿ ನೋಡಿ ಮೆಲ್ಲನೆ ನಕ್ಕು, ಇದು ಗೋಡೆಗೆ ತೂಗುಹಾಕುವುದು ಮಾಸ್ಟರ್‌ಜೀ, ಇದನ್ನೇಕೆ ಬಿದಿರಿಗೆ ಹಚ್ಚಿದಿರಿ ಎಂದು ಹಿಂದಿಯಲ್ಲಿ ಕೇಳಿದರು. ಅಲಗಿನ ಬಾಲ ಕೊಂಬಿನೊಳಗೆ ಎರಡೇ ಅಂಗುಲ ಇಳಿದಿತ್ತು, ಅರಗು ಮಾತ್ರ ಅದನ್ನು ಹಿಡಿದಿಟ್ಟಿತ್ತು. ಮರುದಿನ ಅವರು ತಮ್ಮದನ್ನು ತಂದು ತೋರಿಸಿದರು. ಮರದ ಹಿಡಿ, ಹೊಳಪಿಲ್ಲದ ಅಲಗು, ಸವೆದ ಚರ್ಮದ ಒರೆ. ಅಂಗಡಿಯಲ್ಲಿ ಕಂಡಿದ್ದರೆ ನಾನು ಅದನ್ನು ಮುಟ್ಟುತ್ತಲೂ ಇರಲಿಲ್ಲ.

ಅಂದು ಅವರು ಹೇಳಿಕೊಟ್ಟದ್ದನ್ನೂ ಆಮೇಲೆ ಓದಿ ಕೇಳಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. 1814ರಿಂದ 1816ರವರೆಗೆ ನಡೆದ ಆಂಗ್ಲ-ನೇಪಾಳ ಯುದ್ಧದ ತರುವಾಯ ಖುಕುರಿಗೆ ಸಮರಾಯುಧವೆಂಬ ಕೀರ್ತಿ ಬಂದಿತು. ಒರೆಯಿಂದ ಹಿರಿದರೆ ರಕ್ತ ಕಾಣದೆ ಮರಳದು ಎಂಬ ಕಟ್ಟುಕಥೆಯೂ ಹುಟ್ಟಿಕೊಂಡಿತು. ಹಾಗಿದ್ದಿದ್ದರೆ ನೇಪಾಳದ ಗುಡ್ಡಗಾಡಿನ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಬೆರಳು ಕೊಯ್ದುಕೊಳ್ಳಬೇಕಾಗುತ್ತಿತ್ತು. ಅಲ್ಲಿ ಅದು ಸೌದೆ ಸೀಳುವ, ಮೇವು ಸವರುವ, ತರಕಾರಿ ಮಾಂಸ ಹೆಚ್ಚುವ, ಬಿದಿರು ಕೆತ್ತುವ ಮನೆಗತ್ತಿ. ಬಾಗು ಮುಂದಕ್ಕಿರುವುದರಿಂದ ತೂಕವೆಲ್ಲ ಅಲಗಿನ ಮುಂಭಾಗಕ್ಕೆ ಸರಿಯುತ್ತದೆ, ಕೈ ಸುಮ್ಮನೆ ಬೀಸಿದರೂ ಪೆಟ್ಟು ಆಳಕ್ಕೆ ಇಳಿಯುತ್ತದೆ. ನಮ್ಮ ಮಲೆನಾಡಿನ ಕತ್ತಿಯ ಬಾಗಿಗೂ ಇದೇ ತರ್ಕ. ಒರೆಯ ಹಿಂದೆ ಎರಡು ಪುಟ್ಟ ಸಂಗಾತಿಗಳಿರುತ್ತವೆ. ಸಣ್ಣ ಕೆಲಸಕ್ಕೆ ಹರಿತವಾದ 'ಕರ್ದಾ', ಅಂಚನ್ನು ನೇರ್ಪುಗೊಳಿಸಲು ಮತ್ತು ಚಕಮಕಿ ಕಲ್ಲಿನಿಂದ ಕಿಡಿ ಹೊರಡಿಸಲು ಮೊಂಡಾದ 'ಚಕ್ಮಕ್'. ಇವೆರಡು ತಗಡಿನಂತೆ ಬಾಗಿದರೆ ದೊಡ್ಡ ಅಲಗನ್ನೂ ನಂಬಬೇಡಿ.

ಇನ್ನು ಶಿಷ್ಯನ ಮೂರು ಚಿತ್ರಗಳು. ಮೊದಲನೆಯದು 'ಸಿರುಪಾತೆ', ಸಿರು ಎಂಬ ಹುಲ್ಲಿನ ಎಲೆಯಂತೆ ಕಿರಿದಾಗಿ ನೀಳವಾಗಿರುವುದು. ನೋಡಲು ಸೊಗಸು, ಕೈಗೆ ಹಗುರ. ಪೊದೆ, ಬಳ್ಳಿ, ಹಸಿರು ರೆಂಬೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಒಣಸೌದೆಯ ಗಂಟಿನ ಮುಂದೆ ಇದರ ಆಟ ನಡೆಯದು. ಎರಡನೆಯದು 'ಅಂಗಖೋಲಾ'. ಬೆನ್ನು ದಪ್ಪ, ಮೈಯಲ್ಲಿ ಬಾಗಿನ ಬಳಿ ಒಂದು ತೋಡು, ಹಾಗಾಗಿ ಬಲ ಉಳಿದು ತೂಕ ತುಸು ಇಳಿಯುತ್ತದೆ. ಮರ ಕಡಿಯುವವನಿಗೆ ಇದು ಸರಿ. ದಿನವಿಡೀ ಮೇಜಿನ ಮುಂದೆ ಕುಳಿತು ವಾರಕ್ಕೊಮ್ಮೆ ಕತ್ತಿ ಹಿಡಿಯುವವನ ಮಣಿಕಟ್ಟು ಅರ್ಧ ಗಂಟೆಯಲ್ಲಿ ಸೋಲುತ್ತದೆ, ಸೋತ ಕೈಯಲ್ಲಿರುವ ಭಾರದ ಕತ್ತಿ ಅಪಾಯಕಾರಿ. ಮೂರನೆಯದು ಮೂರು ತೋಡಿನ 'ಚಿರಾ', ಸಿಂಹದ ತಲೆಯ ಸಮೇತ! ನನ್ನ ಹಳೆಯ ಮಿತ್ರನನ್ನು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ಕಂಡಂತಾಯಿತು. ಶಿಷ್ಯನ ಮನಸ್ಸು ವಾಲಿದ್ದುದು ಅದರ ಕಡೆಗೇ. ಎಲ್ಲ ಚಿರಾಗಳೂ ಕೆಟ್ಟವೆಂದು ನಾನು ಹೇಳಲಾರೆ, ಒಳ್ಳೆಯ ಕಮ್ಮಾರನ ಕೈಯಲ್ಲಿ ಅದು ಕಷ್ಟದ ಕುಶಲಕಲೆ. ಆದರೆ ಆ ತೋಡುಗಳಲ್ಲಿ ಸೇರುವ ಗಿಡದ ಹಾಲನ್ನೂ ತುಕ್ಕನ್ನೂ ನಮ್ಮ ಮಳೆಗಾಲದಲ್ಲಿ ಒರೆಸುತ್ತ ಕೂರುವ ವ್ಯವಧಾನ ಯಾರಿಗಿದೆ?

ಈ ಮೂರನ್ನೂ ಬಿಟ್ಟು ನಾಲ್ಕನೆಯದನ್ನು ತರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. 'ಭೋಜಪುರೆ' ಎಂಬ ಮಾದರಿಯ, ತೋಡು ಕುಸುರಿಗಳಿಲ್ಲದ, ಹೊಟ್ಟೆ ತುಸು ಉಬ್ಬಿದ ಸಾದಾ ಖುಕುರಿ. ಅಲಗು ಹತ್ತು ಅಂಗುಲ ಸಾಕು, ತೂಕ ಅರ್ಧ ಕಿಲೋ ಆಸುಪಾಸು. ಹದಿನೈದು ಅಂಗುಲದ್ದನ್ನು ಕೊಳ್ಳುವವರು ಹೆಚ್ಚಾಗಿ ಛಾಯಾಚಿತ್ರಕ್ಕಾಗಿ ಕೊಳ್ಳುತ್ತಾರೆ.

ಅಲಗಿಗಿಂತಲೂ ಹಿಡಿಯನ್ನು ಹೆಚ್ಚು ಪರೀಕ್ಷಿಸಬೇಕು. ಸಾಂಪ್ರದಾಯಿಕ ಕಟ್ಟಣೆಯಲ್ಲಿ ಅಲಗಿನ ಬಾಲವು ಹಿಡಿಯ ಉದ್ದಕ್ಕೂ ಹಾದು ತುದಿಯಲ್ಲಿ ಹೊರಬಂದು ಮಡಿಸಲ್ಪಟ್ಟಿರುತ್ತದೆ, ಒಳಗೆ ಅರಗು. ಇದು ಪೆಟ್ಟಿನ ಅದಿರನ್ನು ಕೈಗೆ ತಾಗಗೊಡದು, ಸಡಿಲವಾದರೆ ಊರಿನ ಕಮ್ಮಾರನು ಕಾಯಿಸಿ ಮತ್ತೆ ಕೂರಿಸಬಲ್ಲ. ಇನ್ನೊಂದು 'ಪನಾವಲ್'. ಅಲ್ಲಿ ಉಕ್ಕಿನ ಪಟ್ಟಿ ಹಿಡಿಯಷ್ಟೇ ಅಗಲವಾಗಿದ್ದು, ಎರಡೂ ಪಕ್ಕಕ್ಕೆ ಮರದ ಹೋಳನ್ನಿಟ್ಟು ರಿವೆಟ್ ಹೊಡೆದಿರುತ್ತಾರೆ. ಸ್ವಲ್ಪ ಭಾರ, ಕೈಗೆ ಅದಿರುತ್ತದೆ. ಹಾಗಿದ್ದೂ ಶಿಷ್ಯನಿಗೆ ನಾನು ಪನಾವಲ್ಲನ್ನೇ ಹೇಳಿದೆ, ಏಕೆಂದರೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ, ಉಕ್ಕು ಕಣ್ಣಿಗೇ ಕಾಣುತ್ತದೆ. ಕೊಂಬಿನ ಹಿಡಿ ಬೇಡ, ಬಿಸಿಲಿಗೆ ಸೀಳುತ್ತದೆ, ಹುಳು ಹಿಡಿಯುತ್ತದೆ.

ಮಾಡಿದವರು ಯಾರೆಂದು ಕೇಳುವುದನ್ನೂ ನಾನು ಪರೀಕ್ಷೆಯ ಭಾಗವೆಂದೇ ಎಣಿಸುತ್ತೇನೆ. ಖುಕುರಿಯನ್ನು ತಲೆಮಾರುಗಳಿಂದ ತಟ್ಟುತ್ತ ಬಂದವರು ಕಾಮಿ ಸಮುದಾಯದವರು. ಲಾರಿಯ ಸವೆದ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಅಲಗು ಮಾಡುತ್ತಾರೆ. ಕೊನೆಗೆ ಕೆಂಪಗೆ ಕಾದ ಅಲಗಿನ ಅಂಚಿನ ಮೇಲೆ ಮಾತ್ರ ಕೆಟಲಿನಿಂದ ನೀರು ಸುರಿದು ಹದ ಹಾಕುತ್ತಾರೆ. ಅದರಿಂದ ಅಂಚು ಗಡುಸಾಗುತ್ತದೆ, ಬೆನ್ನು ಮೃದುವಾಗಿ ಉಳಿದು ಪೆಟ್ಟಿಗೆ ಮುರಿಯುವುದಿಲ್ಲ. ಇಂಥ ವಿದ್ಯೆಯುಳ್ಳವರನ್ನು 1854ರ 'ಮುಲುಕಿ ಐನ್' ಎಂಬ ಕಾನೂನು ನೀರು ಮುಟ್ಟಬಾರದ ಜಾತಿಗಳ ಸಾಲಿನಲ್ಲಿರಿಸಿತು. 1963ರ ಹೊಸ ಸಂಹಿತೆ ಆ ಮನ್ನಣೆಯನ್ನು ತೆಗೆದುಹಾಕಿತಾದರೂ, ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಲು 2011ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತರಬೇಕಾಯಿತು. ದಸರೆಯಲ್ಲಿ ಆಯುಧವನ್ನು ಪೂಜಿಸಿ, ಅದನ್ನು ತಟ್ಟಿದವನ ಕೈನೀರನ್ನು ಒಲ್ಲೆನೆನ್ನುವುದು! ನಮ್ಮಲ್ಲೂ ಇಂಥ ವಿಪರೀತಗಳಿಗೆ ಕೊರತೆಯಿಲ್ಲ ಬಿಡಿ. ಆದಕಾರಣ ಪ್ರವಾಸಿಗರ ಬೀದಿಯಲ್ಲಿ ಕೊಳ್ಳುವ ಬದಲು, ಸಾಧ್ಯವಾದರೆ ಭೋಜಪುರದಲ್ಲೋ ಧರಾನಿನಲ್ಲೋ ಕುಲುಮೆಯ ಬಾಗಿಲಿಗೇ ಹೋಗಿ, ಕೇಳಿದ ಬೆಲೆಯನ್ನು ಕೊಟ್ಟು ತಾ ಎಂದಿದ್ದೇನೆ. ಚೌಕಾಸಿ ಮಾಡಿದವನ ಕಥೆಯನ್ನು ಅವನು ಕೇಳಿದ್ದಾನಲ್ಲ.

ಅಲಂಕಾರಕ್ಕೆ ನಾನು ವಿರೋಧಿಯೇ ಎಂದು ಅವನು ಕೇಳಿದ. ಅಲ್ಲ. ನಮ್ಮ ಕೊಡಗಿನವರನ್ನು ನೋಡಿ. ಸೊಂಟದ ಮುಂದೆ ಬೆಳ್ಳಿಯ ಕೆಲಸದ ಪೀಚೆಕತ್ತಿ ಸಿಕ್ಕಿಸಿಕೊಳ್ಳುತ್ತಾರೆ, ಆದರೆ ಸೌದೆ ಸೀಳಲು ಅದನ್ನು ಯಾರೂ ತೆಗೆಯರು. ಖುಕುರಿಯಂತೆಯೇ ಬಾಗಿದ ಅವರ ಒಡಿಕತ್ತಿಗೆ ಮದುವೆಯ ಬಾಳೆಕಂಬ ಕಡಿಯುವ ಗೌರವ ಬೇರೆಯೇ ಇದೆ. ಒಂದೇ ಕತ್ತಿಯಿಂದ ಗೋಡೆಯ ಶೋಭೆಯನ್ನೂ ತೋಟದ ಕೆಲಸವನ್ನೂ ಬಯಸಿದ್ದು ನನ್ನ ತಪ್ಪು.

ಇನ್ನೆರಡು ಮಾತು. ಹಿರಿಯುವಾಗ ಎಡಗೈ ಒರೆಯ ಬೆನ್ನಿನ ಕಡೆ ಮಾತ್ರ ಇರಬೇಕು, ಬೆರಳುಗಳು ಅಂಚಿನ ಕಡೆಗೆ ಸುತ್ತಿದರೆ ಅಲಗು ಒರೆಯನ್ನೇ ಸೀಳಿ ಬೆರಳಿಗೆ ಬಂದೀತು. ಮಕ್ಕಳ ಕೈಗೆ ಕೊಡುವ ಮೊದಲು ಇದನ್ನು ಕಲಿಸಬೇಕು. ಎಣ್ಣೆ ಸವರಿ ಒರೆಯ ಹೊರಗಿಟ್ಟು ಮಳೆಗಾಲ ಕಳೆಯಬೇಕು. ಮತ್ತೆ, 1962ರ ನಮ್ಮ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯಲ್ಲಿ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳ ಸಾಲಿನಲ್ಲಿ ಖುಕುರಿಯ ಹೆಸರನ್ನೇ ಬರೆದಿದ್ದರು. ಗೃಹಕೃತ್ಯಕ್ಕೂ ಕೃಷಿಗೂ ಮಾಡಿದವುಗಳಿಗೆ ಅಲ್ಲಿ ವಿನಾಯಿತಿ ಇತ್ತೆಂಬುದು ನಿಜ, ಆದರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತುವುದು ಬೇಡ. ವಿಮಾನದಲ್ಲಿ ಸಾಮಾನಿನ ಪೆಟ್ಟಿಗೆಯೊಳಗೆ ಬರಲಿ, ಊರಿಗೆ ಬಂದ ಮೇಲೆ ತೋಟದ ಮನೆಯಲ್ಲೇ ಇರಲಿ.

ನನ್ನ ಸಿಂಹದ ತಲೆಯ ಖುಕುರಿ ಈಗ ನಡುಮನೆಯ ಗೋಡೆಯ ಮೇಲಿದೆ, ಹಿಡಿಯನ್ನು ಅರಗಿನಿಂದ ಮತ್ತೆ ಅಂಟಿಸಿದ್ದೇನೆ. ಸೋದರಳಿಯನು ಬಂದಾಗಲೆಲ್ಲ ಅದನ್ನು ನೋಡಿ ಮೊಣಕಾಲು ಸವರಿಕೊಳ್ಳುತ್ತಾನೆ. ಶಿಷ್ಯನಿಗೆ ನನಗಾಗಿಯೂ ಒಂದು ಕರ್ದಾ ತರಲು ಹೇಳಿದ್ದೇನೆ, ದುಡ್ಡು ಕೊಡುತ್ತೇನೆಂದೂ ಹೇಳಿದ್ದೇನೆ. ತಂದಾಗ ಅದನ್ನು ನನ್ನ ಕೈಗೆ ಕೊಡುವುದು ಬೇಡ, ಜಗಲಿಯ ಮೇಲಿಡಲಿ, ನಾನೇ ತೆಗೆದುಕೊಳ್ಳುತ್ತೇನೆ.