ಟೈಲ್ಸ್ ಆರಸೂಕಿಂತ ಮೊದಲ ಗ್ವಾಡಿ ಬಡದು ನೋಡ್ರಿ

ನಮ್ಮ ಮಂದಿ ಬಚ್ಚಲಾ ಹೊಸಾದು ಮಾಡಸೂದಂದ್ರ ಮೊದಲ ಓಡೂದು ಟೈಲ್ಸ್ ಅಂಗಡಿಗೆ. ನೀಲಿ ಬೇಕೋ ಕೆನಿ ಬಣ್ಣ ಬೇಕೋ, ನಡುವ ಹೂವಿನ ಪಟ್ಟಿ ಇರಲೋ ಬ್ಯಾಡೋ ಅನ್ನೂದ್ರಾಗ ಮೂರು ರವಿವಾರ ಹೋಗ್ತಾವ. ಅಕ್ಕ-ತಂಗಿ, ವೈನಿ, ಬಾಜೂಮನಿಯವ್ರು ಎಲ್ಲಾರಿಗೂ ಫೋಟೋ ಹೋಗ್ತದ. ಆದ್ರ ಆ ಟೈಲ್ಸ್ ಹಿಡಕೊಂಡು ನಿಲ್ಲಬೇಕಾದ ಗ್ವಾಡಿ ಹೆಂಗದ ಅಂತ ಅರ್ಧಾ ತಾಸು ಯಾರೂ ನೋಡೂದಿಲ್ಲ. ನನ್ನ ಮಾತು ಇಷ್ಟ: ಹಳೇ ಬಚ್ಚಲಕ್ಕ ರೊಕ್ಕ ಹಾಕೋದಿದ್ರ ಮೊದಲ ಗ್ವಾಡಿಗೆ ಹಾಕ್ರಿ, ಉಳದದ್ರಾಗ ಟೈಲ್ಸ್ ತೊಗೋರಿ. ಮತ್ತ ಗ್ವಾಡಿ ತಯಾರು ಮಾಡೂ ಕೆಲಸದಾಗ ನಾವೂ ಕೈ ಹಾಕೋಣ. ಅದರಾಗ ಭಾಳಷ್ಟು ನಮಗೂ ಬರೂವಂಥಾದ್ದ ಅದ.

ನಮ್ಮ ಮಾವಶಿ ಮನ್ಯಾಗ ಹೊಸಾ ಟೈಲ್ಸ್ ಹಾಕಿಸಿ ಎರಡು ಮಳಿಗಾಲ ಆಗಿತ್ತು. ಮಾವಶಿಗೆ 74 ವರ್ಷ, ಸ್ಟೂಲ್ ಮ್ಯಾಲೆ ಕೂತು ಜಳಕಾ ಮಾಡ್ತಾರ. ಒಂದಿನ ನಾಕು ಟೈಲ್ಸ್ ಕೂಡೇ ಕಳಚಿ ಅವರ ಕಾಲಿನ ಬಾಜೂಕ ಬಿದ್ದು ಚೂರಾದ್ವು. ಒಂದು ಗೇಣು ಈಕಡೆ ಬಿದ್ದಿದ್ರ ಏನಾಗ್ತಿತ್ತೋ ಅಂತ ಈಗಲೂ ಎದಿ ಝಲ್ ಅಂತದ. ನಾ ಆ ಚೂರು ತಿರುವಿ ನೋಡಿದೆ. ಅಂಟು ಟೈಲ್ಸಿಗೆ ಗಟ್ಟಿಯಾಗೇ ಹತ್ತಿತ್ತು. ಆ ಅಂಟಿನ ಮ್ಯಾಲೆ ಹಳೇ ಹಸರು ಡಿಸ್ಟೆಂಪರ್ ಹಾಳೀಗತೆ ಎದ್ದು ಬಂದಿತ್ತು. ಅಂದ್ರ ಅಂಟಿಂದು ಏನೂ ತಪ್ಪಿಲ್ಲ, ಬಣ್ಣ ಗ್ವಾಡಿ ಬಿಟ್ಟಿತ್ತು. ಧೂಳು ಕೂತ ಕನ್ನಡಿಗೆ ಟಿಕಳಿ ಹಚ್ಚಿದ್ರ ಎಷ್ಟು ಹೊತ್ತು ನಿಲ್ತದ ಹೇಳ್ರಿ?

ಹಂಗಂತ ಗೌಂಡಿಗಳು ಕೆಟ್ಟವ್ರು ಅಂತ ನಾ ಅನ್ನೂದಿಲ್ಲ. ನಾವು ಅವರಿಗೆ ಕೊಡೂದು ಚದರಡಿ ಲೆಕ್ಕದಾಗ, ಅದೂ ಟೈಲ್ಸ್ ಹಚ್ಚಿದ್ದಕ್ಕ. ಗ್ವಾಡಿ ಕೆರದದ್ದಕ್ಕ, ತೊಳದದ್ದಕ್ಕ, ಒಣಗಲಿಕ್ಕೆ ಬಿಟ್ಟದ್ದಕ್ಕ ನಾವು ಏನೂ ಕೊಡೂದಿಲ್ಲ. ಕೊಡದ ಕೆಲಸ ಯಾರು ಮನಸಿಟ್ಟು ಮಾಡ್ತಾರ? ಅದಕ್ಕ ಮಾತು ಮುಗಸೂ ಮೊದಲ ಹೇಳ್ರಿ, "ಗ್ವಾಡಿ ಕೆಲಸಕ್ಕ ಬ್ಯಾರೆ ಪಗಾರ, ಟೈಲ್ಸಿಗೆ ಬ್ಯಾರೆ" ಅಂತ. ನಾವು ಹೇಳಿದಾಗ ನಮ್ಮ ಗೌಂಡಿ ಮಾರೀನ ಬದಲಾತು.

"ಹಳೇ ಟೈಲ್ಸ್ ಮ್ಯಾಲೇ ಹೊಸಾವು ಹಚ್ಚೋಣ, ಧೂಳಿಲ್ಲಾ ರಾಡಿಲ್ಲಾ" ಅನ್ನವ್ರೂ ಇದ್ದಾರ. ಹಳೇವು ಗಟ್ಟಿ ಇದ್ದು, ಗ್ವಾಡಿ ಒಣಾ ಇದ್ದು, ಆ ಕೆಲಸಕ್ಕಂತನ ಇರೂ ಅಂಟು ಹಚ್ಚಿದ್ರ ಅದೂ ನಿಲ್ತದ, ಸುಳ್ಳಲ್ಲ. ಆದ್ರ ಮೂವತ್ತು ವರ್ಷದ ಬಚ್ಚಲಂದ್ರ ಒಳಗ ಕಬ್ಬಿಣದ ಪೈಪ್ ಇರ್ತಾವ, ತುಕ್ಕು ಹಿಡದಿರ್ತಾವ. ಅದರ ಮ್ಯಾಲೆ ಎರಡು ಪದರ ಟೈಲ್ಸ್ ಮುಚ್ಚಿಟ್ರ ಸೋರೂದು ಕಾಣೂದಿಲ್ಲ ಅಷ್ಟ, ನಿಲ್ಲೂದಿಲ್ಲ. ಆಮ್ಯಾಲೆ ಹಿಂದಿನ ಖೋಲಿ ಗ್ವಾಡಿ ಬೂಸರು ಹಿಡದಾಗ ಗೊತ್ತಾಗ್ತದ. ನನ್ನ ಕೇಳಿದ್ರ ಹಳೇ ಬಚ್ಚಲದಾಗ ಇದು ಬ್ಯಾಡ.

ಈಗ ನೀವು ಮಾಡಬಹುದಾದ್ದು ಹೇಳ್ತೇನಿ. ನಾನೂ ಹೊಸಬಳ, ನಮ್ಮ ಬಚ್ಚಲಾ ಒಂದ ಮಾಡೇನಿ. ಮೊದಲ, ಚಮಚಾದ ಹಿಂದಿನ ತುದಿಲೆ ಇಡೀ ಗ್ವಾಡಿ ಗೇಣಿಗೊಮ್ಮೆ ಬಡದು ಕಿವಿಗೊಟ್ಟು ಕೇಳ್ರಿ. ಬಜಾರದಾಗ ಟೆಂಗಿನಕಾಯಿ ಬಡದು ಆರಸೂ ನಮ್ಮಂಥವ್ರಿಗೆ ಇದೇನು ದೊಡ್ಡದಲ್ಲ. ಗಟ್ಟಿ ಇದ್ದಲ್ಲೆ ಟಣ್ ಅಂತದ, ಗಿಲಾವ ಬಿಟ್ಟಲ್ಲೆ ಟೊಳ್ಳು ಸಪ್ಪಳ ಬರ್ತದ. ಟೊಳ್ಳು ಇದ್ದಲ್ಲೆಲ್ಲಾ ಖಡೂಲೆ ಗುರ್ತು ಮಾಡ್ರಿ. ಅಷ್ಟೂ ತಗೀಲಿಕ್ಕೇ ಬೇಕು.

ಎರಡನೇದು, ಹಸಿ ಪರೀಕ್ಷಾ. ಒಂದಡಿ ಚೌಕ ಪ್ಲಾಸ್ಟಿಕ್ ಹಾಳಿ ಗ್ವಾಡಿಗೆ ನಾಕೂ ಕಡೆ ಟೇಪ್ ಹಚ್ಚಿ ಒಂದಿನಾ ಬಿಡ್ರಿ. ಹಾಳಿ ಒಳಗ ಬೆವತಂಗ ಹನಿ ಕಂಡ್ರ ಗ್ವಾಡ್ಯಾಗ ಇನ್ನೂ ನೀರದ. ಎಲ್ಲಿಂದ ಬರ್ತದ ಅಂತ ಹುಡಕೂ ತನಕಾ ಮುಂದಿನ ಕೆಲಸ ಹಿಡೀಬ್ಯಾಡ್ರಿ. ಗ್ವಾಡಿ ಮ್ಯಾಲೆ ಉಪ್ಪಿನಂಥಾ ಬಿಳೇ ಪುಡಿ ಎದ್ದಿದ್ರ ಅದೂ ಹಸೀದ ಗುರ್ತ.

ಮೂರನೇದು ಕೆರಿಯೂದು. ಸುಣ್ಣ, ಡಿಸ್ಟೆಂಪರ್, ಸಾಬಾಣ ಎಣ್ಣಿ ಜಿಡ್ಡು ಯಾವುದೂ ಉಳೀಬಾರದು. ಕೆರದು ತೊಳದು ಒಣಗಿದ ಮ್ಯಾಲೆ ನೀರು ಚಿಮಕಸ್ರಿ. ನೀರು ಹೀರಿಕೊಂಡ್ರ ಛಲೋ, ಹನಿ ಹನಿಯಾಗಿ ಜಾರಿದ್ರ ಇನ್ನೂ ಜಿಡ್ಡು ಅದ. ಗ್ವಾಡಿ ನುಣ್ಣಗಿದ್ರ ಚಾಣದಲೆ ಕಚ್ಚು ಹಾಕಬೇಕು, ಬೀಸೂ ಕಲ್ಲಿಗೆ ಕಚ್ಚು ಹೊಡಸಿಧಂಗ.

ಕೆಲಸಾ ಹಿಡಿಯೂ ಮೊದಲ ಗೀಝರಿನ ಮೇನ್ ಸ್ವಿಚ್ ತಗೀರಿ, ನೀರು ಬಂದ್ ಮಾಡ್ರಿ. ಮೂಗಿಗೆ ಬಾಯಿಗೆ ಮಾಸ್ಕ್, ಕಣ್ಣಿಗೆ ಚಾಳೀಸು, ಕಾಲಾಗ ಬೂಟು. ಆ ಧೂಳು ಪುಪ್ಪುಸಕ್ಕ ಛಲೋ ಅಲ್ಲ. ಮೋರಿ ತೂತಿಗೆ ಹಳೇ ಸೀರಿ ತುಂಡು ಗಟ್ಟಿಯಾಗಿ ತುರುಕ್ರಿ, ಇಲ್ಲಂದ್ರ ಮಣ್ಣೆಲ್ಲಾ ಪೈಪಿನ್ಯಾಗ ಹೋಗಿ ಕೂಡ್ತದ. ಮತ್ತ ಒಂದು ಮಾತು: ಹಳೇ ಮಣ್ಣಿನ ಗ್ವಾಡಿ ಇದ್ರ ನೀವಾಗೇ ಕೈ ಹಚ್ಚಬ್ಯಾಡ್ರಿ. ಅದು ಟೈಲ್ಸಿನ ಭಾರ ಹೊರೂದಿಲ್ಲ, ತಿಳದವ್ರನ್ನ ಕರೀರಿ.

ಪೈಪ್ ಬದಲಿ ಮಾಡೂದು, ಹೊಸಾ ಗಿಲಾವ ಮಾಡೂದು ಗೌಂಡಿ, ಪ್ಲಂಬರ್ ಕೆಲಸ. ನಾವು ಒಂದು ಪುಟ್ಟಿ ಸಿಮೆಂಟಿಗೆ ನಾಕು ಪುಟ್ಟಿ ಉಸುಕು ಹಾಕಿಸಿದ್ವಿ. ಗಿಲಾವಕ್ಕ ಏಳು ದಿವಸ ಮುಂಜಾನೆ, ಮಧ್ಯಾನ್ಹ, ಸಂಜೀಕೆ ನೀರು ಹೊಡದಾಕಿ ನಾನ. ಬ್ಯಾರೆಯವ್ರಿಗೆ ಒಪ್ಪಿಸಿದ್ರ ಮಧ್ಯಾನ್ಹದ್ದು ತಪ್ಪಿ ಹೋಗ್ತದ. ಆಮ್ಯಾಲೆ ಎರಡು ವಾರ ಒಣಗಲಿಕ್ಕೆ ಬಿಟ್ಟು ಮತ್ತ ಪ್ಲಾಸ್ಟಿಕ್ ಹಾಳಿ ಹಚ್ಚಿ ನೋಡಿದ್ವಿ. ಎರಡು ಮೀಟರಿನ ನೆಟ್ಟಗಿನ ಪಟ್ಟಿ ಗ್ವಾಡಿಗೆ ಇಟ್ಟು ಸಂದು ಅಳದ್ವಿ. 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇದ್ದಲ್ಲೆ ಗೌಂಡಿ ತುಂಬಿ ಸಮಾ ಮಾಡಿದ. ಕಡೀಕೆ ವಾಟರ್‌ಪ್ರೂಫ್ ಲೇಪ ಎರಡು ಕೈ: ಮೊದಲನೇದು ಮ್ಯಾಲಿಂದ ಕೆಳಗ, ಎರಡನೇದು ಅಡ್ಡ. ನೀರು ಸಿಡಿಯೂ ಕಡೆ ಆರಡಿ ಎತ್ತರಾ, ಮೂಲೀಗಳಿಗೆ ಜಾಳಗಿ ಪಟ್ಟಿ ಹಚ್ಚಿ.

ಅಂಟು ತೊಗೊಳ್ಳೂ ಮುಂದ ಚೀಲದ ಮ್ಯಾಲೆ ಐಎಸ್ 15477 ಅಂತ ಬರದದೋ ನೋಡ್ರಿ. ಟೈಲ್ಸ್ ಅಂಟಿಗೆ ಭಾರತದಾಗ ಇರೂ ಮಾನಕ ಅದು. ಟೈಲ್ಸ್ ನಡುವ ಒಂದು ಉಂಡಿ ಹಚ್ಚಿ ಒತ್ತಲಿಕ್ಕೆ ಬಿಡಬ್ಯಾಡ್ರಿ. ನಾಕೂ ಮೂಲಿ ಪೊಳ್ಳಾಗಿ ಉಳೀತಾವ.

"ಅಷ್ಟು ದಿವಸ ಬಚ್ಚಲಾ ಇಲ್ಲದ ಹೆಂಗ ಇರೂದು?" ಅಂತೀರಿ. ಖರೇ, ತ್ರಾಸ ಅದ. ನಾವು ಹಿತ್ತಲಾಗ ತಟ್ಟು ಕಟ್ಟಿ ಜಳಕಾ ಮಾಡಿದ್ವಿ, ವಯಸ್ಸಾದವ್ರನ್ನ ತಂಗಿ ಮನಿಗೆ ಕಳಿಸಿದ್ವಿ. ಫ್ಲ್ಯಾಟಿನಾಗ ಎರಡು ಬಚ್ಚಲಿದ್ರ ಒಂದೊಂದ ಹಿಡೀರಿ. ಒಂದ ಇದ್ರ ಬಾಜೂಮನಿಯವ್ರನ್ನ ಮೊದಲ ಕೇಳಿಟ್ಟುಕೋರಿ. ಆದ್ರ ದಿವಸ ಕಡಿಮಿ ಮಾಡ್ಲಿಕ್ಕೆ ಹೋಗಬ್ಯಾಡ್ರಿ. ಆ ಬಚ್ಚಲದಾಗ ದಿನಾ ತಲಿ ಎರಕೊಳ್ಳೂದು, ಅರಬಿ ಒಗಿಯೂದು, ಮಕ್ಕಳು ಮುದುಕರಿಗೆ ಜಳಕಾ ಮಾಡಸೂದು ನಾವ. ಅಲ್ಲಿ ಗ್ವಾಡಿ ಬಗ್ಗೆ ಮಾತಾಡೂ ಹಕ್ಕು ನಮಗಿಂತ ಹೆಚ್ಚು ಯಾರಿಗದ? ನಾಳೆ ಜಳಕಕ್ಕ ಹೋದಾಗ ಒಂದು ಚಮಚಾ ತೊಗೊಂಡು ಹೋಗಿ ಬಡದು ನೋಡ್ರಿ.