ಹೆಸರು ಯಾರದು, ದನಿ ಯಾರದು

ಹಾಡುವವರು ಬದಲಾದ ಮೇಲೂ ತಂಡ ಅದೇ ಹೆಸರಿನಲ್ಲಿ ಹಾಡಬಹುದೇ? ಅಮೆರಿಕದ ರಾಕ್ ತಂಡ ಲಿಂಕಿನ್ ಪಾರ್ಕ್ 2024ರ ನವೆಂಬರಿನಲ್ಲಿ ‘ಫ್ರಮ್ ಝೀರೋ’ ಆಲ್ಬಮ್ ತಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ತೀರಿಕೊಂಡದ್ದು 2017ರ ಜುಲೈನಲ್ಲಿ. ಏಳು ವರ್ಷ ಕಳೆದು ಬಂದ ಈ ಆಲ್ಬಮಿನಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಹಾಡಿದ್ದಾರೆ. ಡ್ರಮ್ಸ್ ಬಾರಿಸಿದವರೂ ಹೊಸಬರೇ. ಚೆಸ್ಟರ್ ಇಲ್ಲದೆ ಆ ಹೆಸರೇಕೆ ಎಂದು ನೊಂದುಕೊಂಡ ಅಭಿಮಾನಿಗಳಿದ್ದಾರೆ.

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿಯಲ್ಲಿ ಕೂತು ಯೋಚಿಸಿದರೆ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲು ಕಾಣುತ್ತದೆ. ಆಡಳಿತ ಮರಾಠಿಯದಾದರೂ ಈ ಸೀಮೆಯ ಮನೆಮಾತು ಕನ್ನಡ. ಗಡಿಯ ಆಚೆ ಆಳಂದ, ಅಫಜಲಪುರ, ಇಂಡಿಯವರೆಗೂ ಹಾಡಿಕೆಯ ಲೋಕ ಒಂದೇ: ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದ, ಭಜನಿ ಮೇಳ, ಪೇಟಿ, ತಾಳ, ಏಕತಾರಿ. ಮೇಳದಲ್ಲಿ ಹುಡುಗರು ಮೊದಲು ಹಿಮ್ಮೇಳದಲ್ಲಿ ದನಿಗೂಡಿಸುತ್ತಾರೆ. ಹಿರಿಯರ ಕೊರಳು ದಣಿದಾಗ ಆ ಹುಡುಗರಲ್ಲೊಬ್ಬ ಪದ ಎತ್ತಿಕೊಳ್ಳುತ್ತಾನೆ. ಮುಂದೆ ಹಾಡುವವ ಬದಲಾದನೆಂದು ಮೇಳದ ಹೆಸರನ್ನು ಯಾರೂ ಬದಲಿಸುವುದಿಲ್ಲ. ಪದದ ಕೊನೆಗೆ ಬರುವ ಅಂಕಿತವೂ ಹಾಡುವವನದಲ್ಲ. ಶರೀಫರೇ ತಮ್ಮ ಹೆಸರಿಟ್ಟುಕೊಳ್ಳದೆ ‘ಶಿಶುನಾಳಧೀಶ’ ಎಂದರು.

ಹಾಗೆಂದು ರಾಕ್ ಅಭಿಮಾನಿಗಳ ದುಃಖ ಹುಸಿಯಲ್ಲ. 1889ರಲ್ಲಿ ತೀರಿಕೊಂಡ ಶರೀಫರ ದನಿಯನ್ನು ನಾವ್ಯಾರೂ ಕೇಳಿಲ್ಲ. ಅವರ ಪದ ಯಾರ ಕೊರಳಿಗಾದರೂ ಒಗ್ಗುತ್ತದೆ. ಆದರೆ 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ, ಅದಕ್ಕೂ ಮುಂಚಿನ ಕ್ಯಾಸೆಟ್ಟುಗಳು ಸಿ. ಅಶ್ವಥ್ ಅವರ ದನಿಯನ್ನು ಆ ಪದಗಳಿಗೆ ಎಷ್ಟು ಗಟ್ಟಿಯಾಗಿ ಅಂಟಿಸಿದವೆಂದರೆ, ಎಷ್ಟೋ ಜನರಿಗೆ ಈಗ ಬೇರೆ ದನಿ ಸಲ್ಲುವುದೇ ಇಲ್ಲ. ಧ್ವನಿಮುದ್ರಣ ಎಂಬುದು ಹಾಡನ್ನು ಹಾಡುಗಾರನಿಗೆ ಕಟ್ಟಿಹಾಕುತ್ತದೆ. ರಾಕ್ ತಂಡಗಳಂತೂ ಹುಟ್ಟಿದ್ದೇ ಧ್ವನಿಮುದ್ರಣದ ಕಾಲದಲ್ಲಿ. ಅಲ್ಲಿ ಹಿಮ್ಮೇಳದಲ್ಲಿ ಕೂತು ಪಳಗುವ ಪದ್ಧತಿಯೂ ಇಲ್ಲ. ಹೊಸಬರು ನೇರ ಮೈಕಿನ ಮುಂದೆ ನಿಲ್ಲಬೇಕು, ಕೇಳುಗರ ಕಿವಿಯಲ್ಲಿ ಹಳೆಯ ದನಿ ಇನ್ನೂ ಇರುವಾಗಲೇ.

ಮ್ಯಾಂಚೆಸ್ಟರ್ ಸೀಮೆಯ ಜಾಯ್ ಡಿವಿಷನ್ ತಂಡ ಬೇರೆ ದಾರಿ ಹಿಡಿಯಿತು. 1980ರಲ್ಲಿ ಗಾಯಕ ಇಯಾನ್ ಕರ್ಟಿಸ್ ಸತ್ತ ಮೇಲೆ ಉಳಿದವರು ಆ ಹೆಸರನ್ನೇ ಬಿಟ್ಟು ನ್ಯೂ ಆರ್ಡರ್ ಆದರು. ಅದು ಮರ್ಯಾದೆಯ ನಡೆ. ಎಲ್ಲರೂ ಹಾಗೇ ಮಾಡಬೇಕೆಂದು ನಾನು ಹೇಳಲಾರೆ. ನಮ್ಮಲ್ಲೇ ಮೈಸೂರಿನ ಗಾಯಕ ರಘು ದೀಕ್ಷಿತ್ ತಮ್ಮ ‘ಅಂತರಾಗ್ನಿ’ ತಂಡ ಒಡೆದ ಮೇಲೆ ಹೊಸ ತಂಡವನ್ನು ‘ಪ್ರಾಜೆಕ್ಟ್’ ಎಂದು ಕರೆದರು: ಕಲಾವಿದರು ಬರಬಹುದು, ಹೋಗಬಹುದು, ಬಾಗಿಲು ತೆರೆದೇ ಇರುತ್ತದೆ. 2008ರ ಮೊದಲ ಆಲ್ಬಮಿಗೆ ‘ಅಂತರಾಗ್ನಿ’ ಎಂದೇ ಹೆಸರಿಟ್ಟರು. 2013ರ ‘ಜಗ್ ಚಂಗಾ’ದಲ್ಲೂ ಶರೀಫರ ‘ಲೋಕದ ಕಾಳಜಿ’ ಇದೆ, ಗಿಟಾರಿನ ಜೊತೆಗೆ. ಮುಂದೆ ಹಾಡುವವರು ಒಬ್ಬರೇ ಆಗಿದ್ದರಿಂದ ಅವರಿಗೆ ಇದು ಸುಲಭವಾಯಿತು, ನಿಜ. ಆದರೂ ಆ ವ್ಯವಸ್ಥೆ ಭಜನಿ ಮೇಳಕ್ಕೆ ಹತ್ತಿರದ್ದು.

ನನ್ನ ಮಟ್ಟಿಗೆ ಹೆಸರಿನ ಹಕ್ಕು ತೀರ್ಮಾನವಾಗುವುದು ಹೊಸಬರಿಗೆ ತಂಡ ಏನು ಕೊಟ್ಟಿತು ಎಂಬುದರ ಮೇಲೆ. ಸತ್ತವರ ದನಿಯ ಅನುಕರಣೆಗೆ ಕರೆತಂದರೆ ಅದು ಸತ್ತವರಿಗೂ ಬಂದವರಿಗೂ ಅವಮಾನ. ಲಿಂಕಿನ್ ಪಾರ್ಕ್ ಎಮಿಲಿಯವರಿಗಾಗಿ ಹೊಸ ಹಾಡು ಕಟ್ಟಿತು, ಅವರ ಒರಟು ದನಿಗೆ ತಕ್ಕ ಧಾಟಿ ಹುಡುಕಿತು. ಆದ್ದರಿಂದ ಆ ಹೆಸರು ಅವರಿಗೆ ಸಲ್ಲುತ್ತದೆ. ವೇದಿಕೆಯಲ್ಲಿ ಅವರು ಚೆಸ್ಟರನ ಹಾಡು ಹಾಡಿದ್ದೂ ನನಗೆ ತಪ್ಪೆನಿಸುವುದಿಲ್ಲ. ಆ ಹಾಡುಗಳನ್ನು ಮುಚ್ಚಿಟ್ಟರೆ ಹದಿನೈದರ ಹುಡುಗರು ಅವನ್ನು ಎದುರು ಕೂತು ಕೇಳುವುದೆಲ್ಲಿ?